ಹತ್ತನೆಯ ಮಗಳ ಗಿಟಾರು

ಅಪ್ಪನದು ಕ್ಷೌರದ ಅಂಗಡಿ. ಕೂದಲು ಕತ್ತರಿಸುವುದು ಹೊಟ್ಟೆಪಾಡಿಗೆ, ಪಿಟೀಲು ತಯಾರಿಸುವುದು ಮನಸ್ಸಿನ ಖುಷಿಗೆ. ಊರಿನ ವಾದ್ಯಗಾರರಿಗೆಲ್ಲ ಆ ಅಂಗಡಿಯೇ ಕೂಡುವ ಜಾಗ. ಅಮ್ಮ ಗಿಟಾರು ನುಡಿಸುತ್ತಿದ್ದಳು. ಮನೆಯಲ್ಲಿ ಹನ್ನೊಂದು ಮಕ್ಕಳು. ಹನ್ನೊಂದು ಬಾಣಂತನ ಕಂಡ ಆ ತಾಯಿ ಗಿಟಾರನ್ನು ಮೂಲೆಗೆ ಒರಗಿಸಿ ಮರೆತುಬಿಡಲಿಲ್ಲವಲ್ಲ, ಅದೇ ನನಗೆ ಈ ಕಥೆಯಲ್ಲಿ ಮೊದಲ ಆಶ್ಚರ್ಯ. ಹತ್ತನೆಯದು ಹೆಣ್ಣುಮಗು. 1921ರ ಜುಲೈ 17ರಂದು ಹುಟ್ಟಿದ ಅದಕ್ಕೆ ಮೇರಿ ಎಂದು ಹೆಸರಿಟ್ಟರು. ಜಾಝ್ ಸಂಗೀತ ಬಲ್ಲವರಿಗೆ ಆಕೆ ಮೇರಿ ಆಸ್ಬೋರ್ನ್.

ಊರು ಮೈನಾಟ್. ಅಮೆರಿಕದ ಉತ್ತರ ಭಾಗದಲ್ಲಿ, ಕೆನಡಾದ ಗಡಿಗೆ ಹತ್ತಿರವಿರುವ ನಾರ್ತ್ ಡಕೋಟ ರಾಜ್ಯದ ಒಂದು ಪಟ್ಟಣ. 1886ರಲ್ಲಿ ರೈಲುದಾರಿ ಬಂದಾಗ ಅದರ ಜೊತೆಗೇ ಎದ್ದ ಊರು. ಸುತ್ತ ಗೋಧಿಯ ಹೊಲಗಳು, ಚಳಿಗಾಲ ಬಂತೆಂದರೆ ಕಣ್ಣು ಹಾಯುವವರೆಗೂ ಹಿಮ. ನ್ಯೂಯಾರ್ಕು, ಷಿಕಾಗೋಗಳಲ್ಲಿ ಸಂಗೀತ ಏನಾಗುತ್ತಿದೆ ಎನ್ನುವುದು ಇಂಥ ಊರಿಗೆ ತಲುಪಬೇಕಾದರೆ ರೇಡಿಯೋ ಮೂಲಕ, ಗ್ರಾಮಫೋನ್ ತಟ್ಟೆಗಳ ಮೂಲಕ, ಇಲ್ಲವೇ ಊರೂರು ಸುತ್ತುವ ವಾದ್ಯಮೇಳಗಳ ಮೂಲಕ ತಲುಪಬೇಕು.

ನಾನು ಶಾಲೆಯಲ್ಲಿ ಇತಿಹಾಸ ಹೇಳಿಕೊಡುವವಳು. ಜಾಝ್ ನನ್ನ ವಿಷಯವಲ್ಲ. ಅದರ ಚರಿತ್ರೆ ಓದಲು ಕುಳಿತಾಗ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಚಾರ್ಲಿ ಕ್ರಿಶ್ಚಿಯನ್ ಎಂಬ ಮಹಾನ್ ಗಿಟಾರ್ ವಾದಕನ ವಿಷಯ ಬಂದಾಗಲೆಲ್ಲ ಮೇರಿ ಆಸ್ಬೋರ್ನಳ ಹೆಸರೂ ಬರುತ್ತದೆ. ಹೇಗೆ ಬರುತ್ತದೆ? ಆತ ನುಡಿಸಿದ್ದನ್ನು ಕಿವಿಯಾರೆ ಕೇಳಿ ವರ್ಣಿಸಿದ ಸಾಕ್ಷಿಯಾಗಿ. ಸಾಕ್ಷಿ ನುಡಿದವಳು ತಾನೂ ಐವತ್ತು ವರ್ಷ ಅದೇ ವಾದ್ಯ ನುಡಿಸಿದಳು, ನೂರಾರು ಮೈಲಿ ದಾಟಿ ಹೋಗಿ ಹೆಸರು ಮಾಡಿದಳು, ಕೊನೆಗೆ ಮಕ್ಕಳಿಗೆ ಅದನ್ನೇ ಕಲಿಸಿದಳು ಎನ್ನುವುದಕ್ಕೆ ಬೇರೆ ಪುಟ ಹುಡುಕಬೇಕು. ಹುಡುಕಿದೆ. ಸಿಕ್ಕಿದ್ದನ್ನು ಹೇಳುತ್ತೇನೆ.

ಮೂರು ವರ್ಷದ ಮಗುವಾಗಿದ್ದಾಗಲೇ ಮೇರಿಗೆ ವಾದ್ಯಗಳ ಕಡೆ ಕಣ್ಣು. ಯುಕುಲೇಲಿ ಎಂಬ ಪುಟ್ಟ ತಂತಿವಾದ್ಯ, ಪಿಟೀಲು, ಬ್ಯಾಂಜೊ ಹೀಗೆ ಒಂದೊಂದಾಗಿ ಕೈಗೆ ಬಂದವು. ಒಂಬತ್ತನೆಯ ವಯಸ್ಸಿಗೆ ಗಿಟಾರು. ಹತ್ತನೆಯ ವಯಸ್ಸಿಗೆ ಅಪ್ಪನ ಮೇಳದಲ್ಲಿ ಬ್ಯಾಂಜೊ ನುಡಿಸುವಷ್ಟು ಕೈ ಪಳಗಿತ್ತು. ವಾರಕ್ಕೆ ಎರಡು ಸಲ ರೇಡಿಯೋದಲ್ಲಿ ಹಾಡುವ ಅವಕಾಶವೂ ಸಿಕ್ಕಿತು. ಹನ್ನೆರಡು ತುಂಬುವಷ್ಟರಲ್ಲಿ ತನ್ನಂಥ ಇನ್ನಿಬ್ಬರು ಹುಡುಗಿಯರನ್ನು ಸೇರಿಸಿಕೊಂಡು ಒಂದು ತಂಡ ಕಟ್ಟಿಬಿಟ್ಟಳು. ನುಡಿಸುತ್ತಿದ್ದದ್ದು ಹಳ್ಳಿಗಾಡಿನ ಹಾಡುಗಳು. ಹಾಡುವುದು ಮುಖ್ಯ, ಗಿಟಾರು ಅದಕ್ಕೆ ಬರಿಯ ಒತ್ತಾಸೆ.

ಆ ಕಾಲದಲ್ಲಿ ಗಿಟಾರಿನ ಸ್ಥಾನವೇ ಅಷ್ಟು. ಇದನ್ನು ಸ್ವಲ್ಪ ಬಿಡಿಸಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. 1930ರ ದಶಕದ ಅಮೆರಿಕದಲ್ಲಿ ಹದಿನಾಲ್ಕು ಹದಿನೈದು ಜನರ ದೊಡ್ಡ ವಾದ್ಯಮೇಳಗಳದೇ ರಾಜ್ಯಭಾರ. ಟ್ರಂಪೆಟ್ಟು, ಟ್ರಾಂಬೋನು, ಸ್ಯಾಕ್ಸೋಫೋನುಗಳು ಸಾಲಾಗಿ ಎದ್ದುನಿಂತು ಮೊಳಗಿದರೆ ನಡುವೆ ಕುಳಿತ ಗಿಟಾರಿನ ದನಿ ಪಕ್ಕದವನಿಗೂ ಕೇಳಿಸದು. ಹಾಗಾಗಿ ಗಿಟಾರಿನವನ ಕೆಲಸ ಒಂದೇ, ಪ್ರತಿ ಪೆಟ್ಟಿಗೂ ನಾಲ್ಕಾರು ತಂತಿಗಳನ್ನು ಒಟ್ಟಿಗೆ ಮೀಟಿ ಲಯ ಹಿಡಿಯುವುದು. ದೊಡ್ಡ ಸಂಸಾರದಲ್ಲಿ ಅಡುಗೆಮನೆಯ ಒಳಗಿದ್ದುಕೊಂಡೇ ಎಲ್ಲವನ್ನೂ ನಡೆಸುವ ಸೊಸೆಯ ಹಾಗೆ. ಇದ್ದರೆ ಯಾರಿಗೂ ಗೊತ್ತಾಗದು, ಒಂದು ದಿನ ಇಲ್ಲದಿದ್ದರೆ ಎಲ್ಲರಿಗೂ ಗೊತ್ತಾಗುತ್ತದೆ.

ಇದನ್ನು ಬದಲಿಸಿದ್ದು ವಿದ್ಯುತ್ತು. ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ಸಣ್ಣ ತಾಮ್ರದ ತಂತಿಯ ಸುರುಳಿ. ತಂತಿ ಕಂಪಿಸಿದಾಗ ಸುರುಳಿಯಲ್ಲಿ ಅಷ್ಟೇ ಸೂಕ್ಷ್ಮವಾದ ವಿದ್ಯುತ್ ಹರಿಯುತ್ತದೆ. ಅದನ್ನು ಆಂಪ್ಲಿಫೈಯರ್ ಪೆಟ್ಟಿಗೆ ದೊಡ್ಡದು ಮಾಡಿ ಹೊರಡಿಸುತ್ತದೆ. ಎಂಟನೆಯ ತರಗತಿಯ ವಿಜ್ಞಾನವೇ ಇದು! ಗಿಬ್ಸನ್ ಕಂಪನಿ 1936ರಲ್ಲಿ ಇಂಥ ಒಂದು ಗಿಟಾರನ್ನು ಮಾರುಕಟ್ಟೆಗೆ ತಂದಿತು. ಇ.ಎಸ್. 150 ಎಂದು ಅದರ ಹೆಸರು. ಗಿಟಾರು, ಪೆಟ್ಟಿಗೆ ಎಲ್ಲ ಸೇರಿ ಹೆಚ್ಚುಕಡಿಮೆ 150 ಡಾಲರ್ ಬೆಲೆಯಾದ್ದರಿಂದ ಆ ಸಂಖ್ಯೆ. ಇನ್ನು ಮೇಲೆ ಗಿಟಾರಿನವನು ಒಂಟಿ ತಂತಿಯ ಮೇಲೆ ಸ್ವರ ಹಿಡಿದು ನುಡಿಸಿದರೂ ಸಭೆಯ ಕೊನೆಯ ಸಾಲಿಗೆ ಕೇಳಿಸುವಂತಾಯಿತು.

ಮೇರಿ ಹದಿನೈದನೆಯ ವಯಸ್ಸಿಗೆ ವಿನಿಫ್ರೆಡ್ ಮ್ಯಾಕ್‌ಡೊನೆಲ್ ಎಂಬ ಪಿಯಾನೋ ವಾದಕಿಯ ತಂಡ ಸೇರಿದ್ದಳು. ಮೂವರೂ ಹುಡುಗಿಯರೇ. ಮೇರಿ ಗಿಟಾರು ನುಡಿಸುವುದು, ತನಗಿಂತ ಎತ್ತರದ ಬಾಸ್ ವಾದ್ಯ ಹಿಡಿಯುವುದು, ಹಾಡುವುದು ಎಲ್ಲ ಮಾಡುತ್ತಿದ್ದಳು. ಅವರು ರಾಜಧಾನಿ ಬಿಸ್ಮಾರ್ಕ್‌ನಲ್ಲಿದ್ದಾಗ, 1938ರಲ್ಲಿ, ಆಲ್ ಟ್ರೆಂಟ್ ಎಂಬಾತನ ವಾದ್ಯಮೇಳ ಆ ಊರಿಗೆ ಬಂತು. ಕೇಳಲು ಹೋದ ಮೇರಿಗೆ ಒಳಗಿನಿಂದ ಬಂದ ದನಿ ಸ್ಯಾಕ್ಸೋಫೋನಿನದೆಂದೇ ಅನ್ನಿಸಿತು. ಆದರೂ ಏನೋ ವ್ಯತ್ಯಾಸ. ಹೋಗಿ ನೋಡಿದರೆ ಸ್ಯಾಕ್ಸೋಫೋನಿನವನು ಯಾರೂ ನುಡಿಸುತ್ತಿಲ್ಲ. ಕಪ್ಪು ಜನಾಂಗದ ತೆಳ್ಳಗಿನ ತರುಣನೊಬ್ಬ ಗಿಟಾರು ಹಿಡಿದು ಕುಳಿತಿದ್ದಾನೆ, ಆ ದನಿ ಅದರದು.

ಆತನೇ ಚಾರ್ಲಿ ಕ್ರಿಶ್ಚಿಯನ್. ಆಗ ಅವನಿಗೆ ಇಪ್ಪತ್ತೆರಡರ ಆಸುಪಾಸು. ಟೆಕ್ಸಸ್‌ನಲ್ಲಿ ಹುಟ್ಟಿ ಒಕ್ಲಹೋಮದಲ್ಲಿ ಬೆಳೆದವನು. ತಂದೆಗೆ ಕಣ್ಣು ಹೋಗಿತ್ತು. ಮಕ್ಕಳನ್ನು ಕರೆದುಕೊಂಡು ಬೀದಿಯಲ್ಲಿ ಹಾಡಿ ನುಡಿಸಿ ಸಂಸಾರ ಸಾಗಿಸಿದ ತಂದೆ. ದೇಶಕ್ಕೆ ಅವನ ಹೆಸರು ಗೊತ್ತಾಗಲು ಇನ್ನೂ ಒಂದು ವರ್ಷವಿತ್ತು. 1939ರಲ್ಲಿ ಬೆನ್ನಿ ಗುಡ್‌ಮನ್ ತನ್ನ ಪ್ರಸಿದ್ಧ ವಾದ್ಯಮೇಳಕ್ಕೆ ಅವನನ್ನು ಸೇರಿಸಿಕೊಂಡ. ಅದಕ್ಕೆ ಮೊದಲೇ, ಹಿಮದ ಮೂಲೆಯ ಒಂದು ಊರಿನಲ್ಲಿ ಹದಿನೇಳು ವರ್ಷದ ಹುಡುಗಿಯೊಬ್ಬಳು ಅವನೇನೆಂಬುದನ್ನು ಗುರುತಿಸಿದ್ದಳು.

ಮುಂದೆ ಅವಳು ಮಾಡಿದ್ದು ನನಗೆ ಬಹಳ ಇಷ್ಟವಾಗುತ್ತದೆ. ಬೆರಗಾಗಿ ಮನೆಗೆ ಹೋಗಿ ಮಲಗಲಿಲ್ಲ. ತಡಮಾಡದೆ ತಾನೂ ಒಂದು ವಿದ್ಯುತ್ ಗಿಟಾರು ಕೊಂಡಳು. ಆಂಪ್ಲಿಫೈಯರನ್ನು ಸ್ನೇಹಿತನೊಬ್ಬನ ಕೈಯಲ್ಲಿ ಮಾಡಿಸಿದಳು. ಮತ್ತೆ ಹೋಗಿ ಕ್ರಿಶ್ಚಿಯನ್‌ನ ಪಕ್ಕದಲ್ಲೇ ಕುಳಿತು ನುಡಿಸಿ ಕಲಿತಳು. ಇಬ್ಬರಿಗೂ ಗೆಳೆತನ ಬೆಳೆಯಿತು. ಫ್ರಾನ್ಸಿನಲ್ಲಿದ್ದ ಜಾಂಗೊ ರೈನ್‌ಹಾರ್ಟ್ ಎಂಬ ಜಿಪ್ಸಿ ವಾದಕ ತಟ್ಟೆಯಲ್ಲಿ ನುಡಿಸಿದ್ದನ್ನು ಕ್ರಿಶ್ಚಿಯನ್ ಒಂದು ಸ್ವರವೂ ತಪ್ಪದಂತೆ ನುಡಿಸಿ, ಅನಂತರ ಅಲ್ಲಿಂದ ತನ್ನದೇ ದಾರಿ ಹಿಡಿಯುತ್ತಿದ್ದನಂತೆ. ಇದನ್ನು ಹೇಳಿದವಳೂ ಮೇರಿಯೇ. ಮೊದಲು ಗುರುವಿನ ಹೆಜ್ಜೆಯ ಮೇಲೆ ಹೆಜ್ಜೆ, ಆಮೇಲೆ ಸ್ವಂತ ನಡಿಗೆ. ಸಂಗೀತದ ಪಾಠ ಎಲ್ಲ ದೇಶದಲ್ಲೂ ಹೀಗೇ ಸಾಗುತ್ತದೆ ಅನ್ನಿಸುತ್ತದೆ. ಅವನ ವೇಗಕ್ಕಿಂತ ಹೆಚ್ಚಾಗಿ, ಲಯದಲ್ಲಿ ಅವನಿಗಿದ್ದ ನಿರಾಳ ಅವಳ ಮನಸ್ಸಿಗೆ ಹಿಡಿಸಿತ್ತು.

ಜಾಝ್ ಎಂದರೆ ನಮ್ಮಲ್ಲಿ ಅನೇಕರಿಗೆ ಗದ್ದಲ ಎಂಬ ಭಾವನೆ. ಸ್ವಲ್ಪ ತಾಳ್ಮೆಯಿಂದ ಕುಳಿತರೆ ಅದರೊಳಗೊಂದು ಕಟ್ಟು ಕಾಣಿಸುತ್ತದೆ. ಎಲ್ಲರಿಗೂ ಗೊತ್ತಿರುವ ಒಂದು ಹಾಡನ್ನು ತೆಗೆದುಕೊಳ್ಳುತ್ತಾರೆ. ಅದಕ್ಕೆ ಹನ್ನೆರಡೋ ಮೂವತ್ತೆರಡೋ ಅಳತೆಯ ಒಂದು ಸುತ್ತು. ಮೊದಲ ಸುತ್ತಿನಲ್ಲಿ ಹಾಡನ್ನು ಇದ್ದಂತೆಯೇ ನುಡಿಸುತ್ತಾರೆ. ಮುಂದಿನ ಸುತ್ತುಗಳಲ್ಲಿ ಒಬ್ಬೊಬ್ಬರೂ ಸರದಿಯ ಮೇಲೆ, ಆ ಸುತ್ತಿನ ಅಳತೆ ಮೀರದೆ, ಆ ಕ್ಷಣದಲ್ಲಿ ತೋಚಿದ್ದನ್ನು ಕಟ್ಟುತ್ತಾರೆ. ನಮ್ಮ ಕಛೇರಿಯ ಕಲ್ಪನಾಸ್ವರ ನೆನೆಸಿಕೊಳ್ಳಿ. ಒಂದು ದೊಡ್ಡ ವ್ಯತ್ಯಾಸವೆಂದರೆ ಅಲ್ಲಿ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಪದ್ಧತಿ, ಮತ್ತು ಆ ಸ್ವರಗುಂಪು ಅಳತೆ ಅಳತೆಗೂ ಬದಲಾಗುತ್ತ ಹೋಗುತ್ತದೆ. ಕಟ್ಟುವವಳು ಕಾಲಡಿಯ ನೆಲ ಎಲ್ಲಿ ಜರುಗುತ್ತಿದೆ ಎಂದು ತಿಳಿದುಕೊಂಡೇ ಹೆಜ್ಜೆ ಇಡಬೇಕು. ಅಂಥಲ್ಲಿ ನಿರಾಳವಾಗಿರುವುದು ಸುಲಭದ ಮಾತಲ್ಲ.

1940ರಲ್ಲಿ ಆ ಮೂವರು ಹುಡುಗಿಯರ ತಂಡ ನ್ಯೂಯಾರ್ಕ್ ತಲುಪಿತು. ತಲುಪಿ ಹೆಚ್ಚು ದಿನ ಆಗಿರಲಿಲ್ಲ, ತಂಡ ಮುರಿಯಿತು. ಜಗಳವಲ್ಲ, ಹಣದ ತಕರಾರೂ ಅಲ್ಲ. ಮದುವೆಗಳಾದವು, ಅಷ್ಟೆ.

ಇದನ್ನು ಓದಿದಾಗ ನನಗೆ ನಮ್ಮ ಸೋದರತ್ತೆಯ ವೀಣೆ ಕಣ್ಣಮುಂದೆ ಬಂತು. ಅತ್ತೆ ವೀಣೆಯಲ್ಲಿ ಜೂನಿಯರ್ ಪರೀಕ್ಷೆ ಪಾಸು ಮಾಡಿದ್ದರು. ಹೆಣ್ಣು ನೋಡಲು ಬಂದವರ ಎದುರಿಗೆ ಒಂದು ದೇವರನಾಮ ನುಡಿಸಿದರು, ಒಪ್ಪಿಗೆಯಾಯಿತು, ವೀಣೆ ಗಂಡನ ಮನೆಗೂ ಹೋಯಿತು. ನಾನು ಕಂಡಂತೆ ಅದು ಯಾವಾಗಲೂ ಹಳೆಯ ಸೀರೆಯಲ್ಲಿ ಹೊಲಿದ ಗವಸಿನೊಳಗೆ ಅಟ್ಟದ ಮೇಲಿರುತ್ತಿತ್ತು. ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ಕೆಳಗಿಳಿಯುತ್ತಿತ್ತು, ಅರಿಸಿನ ಕುಂಕುಮ ಹಚ್ಚಿಸಿಕೊಂಡು ಮತ್ತೆ ಮೇಲೇರುತ್ತಿತ್ತು. ಯಾರೂ ಅತ್ತೆಗೆ ನುಡಿಸಬೇಡ ಎಂದದ್ದಿಲ್ಲ. ನುಡಿಸು ಎಂದೂ ಹೇಳಲಿಲ್ಲ.

ಮೇರಿಯೂ ಮದುವೆಯಾದಳು. ಗಂಡ ರಾಲ್ಫ್ ಸ್ಕಾಫಿಡಿ, ಟ್ರಂಪೆಟ್ ವಾದಕ. ಆತ ನುಡಿಸು ಎಂದ. ಬರಿಯ ಬಾಯಿಮಾತಿನಲ್ಲಿ ಹೇಳಲಿಲ್ಲ, ಕೊನೆಯವರೆಗೂ ಜೊತೆ ನಿಂತ. ಮದುವೆಯಾದ ಮೇಲೂ ವೇದಿಕೆಯಲ್ಲಿ, ಧ್ವನಿಮುದ್ರಿಕೆಗಳ ಮೇಲೆ ಆಕೆ ಆಸ್ಬೋರ್ನ್ ಆಗಿಯೇ ಉಳಿದಳು. ಗಂಡ ಒಳ್ಳೆಯವನು ಸಿಕ್ಕಿದ್ದರಿಂದ ಆಕೆ ಕಲಾವಿದೆಯಾದಳು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅವಳು ಆಗಲೇ ಕಲಾವಿದೆ. ಮದುವೆಯಿಂದ ಅದು ನಿಲ್ಲಲಿಲ್ಲ ಎನ್ನುವುದಷ್ಟೇ ಇಲ್ಲಿನ ವಿಶೇಷ. ಆ ಕಾಲದಲ್ಲಿ ಅದೂ ಸಣ್ಣದೇನಲ್ಲ.

1941ರಲ್ಲಿ ಜೋ ವೆನೂಟಿ ಎಂಬ ಪಿಟೀಲುಗಾರನ ಜೊತೆ ಊರೂರು ಸುತ್ತಿದಳು. ಆಮೇಲೆ ಸ್ವಲ್ಪ ಕಾಲ ಷಿಕಾಗೋ. 1945ರ ವೇಳೆಗೆ ಮತ್ತೆ ನ್ಯೂಯಾರ್ಕ್. ಅಲ್ಲಿ 52ನೆಯ ಬೀದಿ ಎಂಬುದೊಂದಿತ್ತು. ಅಕ್ಕಪಕ್ಕದ ಕಟ್ಟಡಗಳ ಕೆಳಮನೆಗಳಲ್ಲಿ ಸಾಲುಸಾಲಾಗಿ ಚಿಕ್ಕ ಚಿಕ್ಕ ಕ್ಲಬ್ಬುಗಳು. ಒಂದರ ಬಾಗಿಲಲ್ಲಿ ನಿಂತರೆ ಪಕ್ಕದ್ದರ ಸಂಗೀತವೂ ಕೇಳಿಸುವಷ್ಟು ಒತ್ತಾಗಿ. ಆರ್ಟ್ ಟೇಟಮ್, ಕೋಲ್ಮನ್ ಹಾಕಿನ್ಸ್, ಡಿಜ್ಜಿ ಗಿಲ್ಲೆಸ್ಪಿ, ಥೆಲೋನಿಯಸ್ ಮಾಂಕ್ ಎಲ್ಲ ಆ ಬೀದಿಯಲ್ಲಿ ಓಡಾಡಿದವರು, ಮೇರಿ ಅವರ ಜೊತೆ ಕುಳಿತು ನುಡಿಸಿದವಳು. 1945ರಲ್ಲಿ ಫಿಲಡೆಲ್ಫಿಯಾದ ಒಂದು ಕಛೇರಿಯಲ್ಲಿ ಟೇಟಮ್, ಹಾಕಿನ್ಸ್, ಗಿಲ್ಲೆಸ್ಪಿ ಇದ್ದ ವೇದಿಕೆಯ ಮೇಲೆ ನುಡಿಸಿ ಭೇಷ್ ಅನ್ನಿಸಿಕೊಂಡಳು. ಆ ವರ್ಷದಿಂದ 1948ರವರೆಗೆ ತನ್ನದೇ ಮೂವರ ತಂಡ ನಡೆಸಿದಳು. ಕೆಲ್ಲೀಸ್ ಸ್ಟೇಬಲ್ ಎಂಬ ಕ್ಲಬ್ಬಿನಲ್ಲಿ ಆ ತಂಡಕ್ಕೆ ಒಂದು ವರ್ಷ ಕಾಲ ಕೆಲಸವಿತ್ತು.

1946ರ ಫೆಬ್ರವರಿಯಲ್ಲಿ ಹಾಕಿನ್ಸ್ ಎಂಟು ಜನರನ್ನು ಸೇರಿಸಿ ಆರ್.ಸಿ.ಎ. ವಿಕ್ಟರ್ ಕಂಪನಿಗೆ ಧ್ವನಿಮುದ್ರಣ ಮಾಡಿದ. ಆ ಎಂಟರಲ್ಲಿ ಏಳು ಗಂಡಸರು, ಒಬ್ಬಳು ಮೇರಿ. ‘ಲೋ ಫ್ಲೇಮ್’ ಎಂಬ ರಚನೆಯನ್ನು ನಾನು ಹಲವು ಸಲ ಕೇಳಿದ್ದೇನೆ. ನನ್ನ ಮಗಳು ಫೋನಿನಲ್ಲಿ ಹಾಕಿಕೊಟ್ಟಳು. ಮೊದಲ ಸಲ ಗಿಟಾರು ಎಲ್ಲಿ ಎಂದು ಹುಡುಕಿದೆ. ಎರಡನೆಯ ಸಲ ಗೊತ್ತಾಯಿತು. ಆತುರವಿಲ್ಲ, ತನ್ನನ್ನು ನೋಡಿ ಎನ್ನುವ ಹಟವಿಲ್ಲ, ಹೇಳಬೇಕಾದ್ದನ್ನು ಸಾವಧಾನವಾಗಿ ಹೇಳಿ ಮುಗಿಸುವ ಮಾತುಗಾರಿಕೆ. ಕ್ರಿಶ್ಚಿಯನ್‌ನಿಂದ ಕಲಿತ ನಿರಾಳ ಅಲ್ಲಿದೆ.

ಕ್ರಿಶ್ಚಿಯನ್ ಅಷ್ಟರಲ್ಲಿ ಇರಲಿಲ್ಲ. ಕ್ಷಯ ಹಿಡಿದು 1942ರ ಮಾರ್ಚ್ 2ರಂದು ತೀರಿಕೊಂಡಿದ್ದ. ವಯಸ್ಸು 25. ಆ ಕಾಯಿಲೆಯನ್ನು ವಾಸಿಮಾಡುವ ಸ್ಟ್ರೆಪ್ಟೊಮೈಸಿನ್ ಔಷಧವನ್ನು ಮರುವರ್ಷವೇ ಅಮೆರಿಕದ ಪ್ರಯೋಗಾಲಯದಲ್ಲಿ ಕಂಡುಹಿಡಿದರು. ಇಂಥ ತಾರೀಖುಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಇತಿಹಾಸದವರ ಕೆಟ್ಟ ಅಭ್ಯಾಸ. ನೋಡಿದ ಮೇಲೆ ಮನಸ್ಸಿಗೆ ಸಂಕಟ.

ಯುದ್ಧದ ವರ್ಷಗಳಲ್ಲಿ ಅಮೆರಿಕದ ಗಂಡಸರು ಸೈನ್ಯಕ್ಕೆ ಹೋದರು. ಕಾರ್ಖಾನೆಗಳಂತೆ ವೇದಿಕೆಗಳಲ್ಲೂ ಹೆಂಗಸರಿಗೆ ಜಾಗ ಸಿಕ್ಕಿತು. ಹೆಂಗಸರದೇ ವಾದ್ಯಮೇಳಗಳು ಜನಪ್ರಿಯವಾದವು. ಅವುಗಳಲ್ಲಿ ಬಹಳ ಹೆಸರಾದ ಇಂಟರ್‌ನ್ಯಾಷನಲ್ ಸ್ವೀಟ್‌ಹಾರ್ಟ್ಸ್ ಆಫ್ ರಿದಮ್ ಎಂಬ ಮೇಳ 1937ರಲ್ಲಿ ಮಿಸಿಸಿಪಿ ರಾಜ್ಯದ ಬಡಮಕ್ಕಳ ಶಾಲೆಯೊಂದರಲ್ಲಿ ಹುಟ್ಟಿದ್ದು. ಪಿಯಾನೋ ವಾದಕಿ ಮೇರಿ ಲೂ ವಿಲಿಯಮ್ಸ್ ಹೆಂಗಸರನ್ನೇ ಸೇರಿಸಿ ಧ್ವನಿಮುದ್ರಣ ಮಾಡಿದಾಗ ಗಿಟಾರಿಗೆ ಕರೆದದ್ದು ನಮ್ಮ ಮೇರಿಯನ್ನು. ಯುದ್ಧ ಮುಗಿಯಿತು, ಗಂಡಸರು ವಾಪಸು ಬಂದರು. ಜಾಗಗಳೂ ಅವರಿಗೆ ವಾಪಸು ಹೋದವು.

ಹೊಗಳಿಕೆಯ ಭಾಷೆಯನ್ನೂ ಗಮನಿಸಬೇಕು. ಆಗ ಜಾಝ್ ನುಡಿಸುವ ಹೆಂಗಸಿಗೆ ಸಿಗುತ್ತಿದ್ದ ದೊಡ್ಡ ಪ್ರಶಸ್ತಿಯೆಂದರೆ ಗಂಡಸಿನ ಹಾಗೆ ನುಡಿಸುತ್ತಾಳೆ ಎಂಬ ಮಾತು. ಮುಟ್ಟಿದರೆ ಹಾಗೆ, ಇಲ್ಲದಿದ್ದರೆ ಬರಿಯ ಹುಡುಗಿ. ತನ್ನ ಹೆಸರಿನಲ್ಲಿ ಒಂದು ಲಾಂಗ್ ಪ್ಲೇ ತಟ್ಟೆ ತರುವ ಅವಕಾಶ ಮೇರಿಗೆ ಬಂದದ್ದು 1950ರ ದಶಕ ಮುಗಿಯುವ ಹೊತ್ತಿಗೆ. ಪಿಯಾನೋಗೆ ಟಾಮಿ ಫ್ಲಾನಗನ್, ಡ್ರಮ್‌ಗೆ ಜೋ ಜೋನ್ಸ್, ಅಂದರೆ ಆ ವಿದ್ಯೆಯ ಘಟಾನುಘಟಿಗಳು ಜೊತೆಗಿದ್ದರು. ತಟ್ಟೆಗೆ ಇಟ್ಟ ಹೆಸರು ‘ಎ ಗರ್ಲ್ ಅಂಡ್ ಹರ್ ಗಿಟಾರ್’. ಒಬ್ಬ ಹುಡುಗಿ ಮತ್ತು ಅವಳ ಗಿಟಾರು! ಆಗ ಆ ಹುಡುಗಿಯ ವಯಸ್ಸು ನಲವತ್ತರ ಹತ್ತಿರ, ವೃತ್ತಿಯಲ್ಲಿ ಇಪ್ಪತ್ತು ವರ್ಷ ಸವೆಸಿದ್ದಳು. ಅದೇ ವಯಸ್ಸಿನ ಗಂಡಸಿನ ತಟ್ಟೆಗೆ ‘ಒಬ್ಬ ಹುಡುಗ’ ಎಂದು ಹೆಸರಿಡುತ್ತಿದ್ದರೇ?

ಆ ಇಡೀ ದಶಕದಲ್ಲಿ ಆಕೆಯ ದಿನನಿತ್ಯದ ಕೆಲಸ ಮಾತ್ರ ರೇಡಿಯೋದಲ್ಲಿ. ಸಿ.ಬಿ.ಎಸ್.ನಲ್ಲಿ ಜ್ಯಾಕ್ ಸ್ಟರ್ಲಿಂಗ್ ಎಂಬಾತ ನಡೆಸುತ್ತಿದ್ದ ಮುಂಜಾನೆಯ ಕಾರ್ಯಕ್ರಮಕ್ಕೆ ನಾಲ್ಕು ಜನರ ಒಂದು ವಾದ್ಯತಂಡವಿತ್ತು, ಅದರಲ್ಲಿ ಮೇರಿಯ ಗಿಟಾರು. ಜನ ಮುಖ ತೊಳೆಯುತ್ತ, ತಿಂಡಿ ತಿನ್ನುತ್ತ, ಕೆಲಸಕ್ಕೆ ಹೊರಡುತ್ತ ಕೇಳುವ ಸಂಗೀತ. ಜಾಝ್ ಚರಿತ್ರೆ ಬರೆದವರಿಗೆ ಇದು ಲೆಕ್ಕಕ್ಕೆ ಬರುವುದಿಲ್ಲ. ಅವರ ಕಣ್ಣಿಗೆ ಕಲೆಯೆಂದರೆ ನಡುರಾತ್ರಿಯ ಕ್ಲಬ್ಬು, ಸಿಗರೇಟಿನ ಹೊಗೆ, ಅಕಾಲ ಮರಣ. ಮೂರು ಮಕ್ಕಳನ್ನು ಬೆಳೆಸಿದ ತಾಯಿಗೆ ರಾತ್ರಿ ಎರಡು ಗಂಟೆಗೆ ಮುಗಿಯುವ ಕೆಲಸಕ್ಕಿಂತ ಮುಂಜಾನೆಯ ಕೆಲಸ ಎಷ್ಟು ಅನುಕೂಲ ಎಂದು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಸಂಬಳವೂ ತಿಂಗಳು ತಿಂಗಳು ಬರುವಂಥದು. ನಮ್ಮ ಶಾಲೆಯ ನೌಕರಿಯನ್ನು ಎಷ್ಟೋ ಹೆಂಗಸರು ಆರಿಸಿಕೊಂಡದ್ದಕ್ಕೂ ಇದೇ ಕಾರಣ ಅಲ್ಲವೇ? ಕೆಲಸದಲ್ಲಿ ಪ್ರೀತಿ ಇರಲಿಲ್ಲ ಎಂದೇನೂ ಅಲ್ಲ.

ಇನ್ನೊಂದು ವಿಷಯಕ್ಕೆ ನಾನು ಆಕೆಗೆ ಕೈಮುಗಿಯುತ್ತೇನೆ. 1962ರಲ್ಲಿ, ನಲವತ್ತೊಂದನೆಯ ವಯಸ್ಸಿನಲ್ಲಿ, ಮೇರಿ ಮತ್ತೆ ವಿದ್ಯಾರ್ಥಿನಿಯಾದಳು. ಆಲ್ಬರ್ಟೊ ವಾಲ್ಡೆಸ್ ಬ್ಲೇನ್ ಎಂಬ ಗುರುವಿನ ಬಳಿ ಸ್ಪ್ಯಾನಿಷ್ ಶಾಸ್ತ್ರೀಯ ಗಿಟಾರ್ ಕಲಿಯಲು ಹೋದಳು. ಅದೂ ಗಿಟಾರೇ, ಹೊಸದೇನಿದೆ ಎನ್ನುವ ಹಾಗಿಲ್ಲ. ಜಾಝ್‌ನವರು ಪಿಕ್ ಎನ್ನುವ ಚಿಕ್ಕ ಬಿಲ್ಲೆಯನ್ನು ಎರಡು ಬೆರಳಲ್ಲಿ ಹಿಡಿದು ಮೀಟುತ್ತಾರೆ. ಶಾಸ್ತ್ರೀಯ ಪದ್ಧತಿಯಲ್ಲಿ ಹೆಬ್ಬೆರಳು ಒಂದು ದಾರಿ, ಉಳಿದ ಬೆರಳು ತಮ್ಮ ತಮ್ಮ ದಾರಿ, ಒಂದೇ ಕೈ ಎರಡು ಮೂರು ರಾಗಗಳನ್ನು ಒಟ್ಟಿಗೆ ನಡೆಸಬೇಕು. ತಂತಿ ಬೇರೆ, ಕೂರುವ ರೀತಿ ಬೇರೆ, ಪುಸ್ತಕ ನೋಡಿ ನುಡಿಸುವ ಶಿಸ್ತು ಬೇರೆ. ಹೆಸರು ಮಾಡಿದ ಮೇಲೆ ಬೆರಳನ್ನು ಮತ್ತೆ ಮೊದಲ ಪಾಠದಿಂದ ತಿದ್ದಿಕೊಳ್ಳುವುದೆಂದರೆ ಅಹಂಕಾರವನ್ನು ಮೆಟ್ಟಿನ ಬಳಿ ಬಿಟ್ಟು ಒಳಗೆ ಹೋಗಬೇಕು. ಕಲಿತದ್ದನ್ನು ಆಕೆ ಅಲ್ಲಿಗೇ ಬಿಡದೆ, ಪಿಕ್ ಇಲ್ಲದೆ ಬೆರಳಿನಿಂದಲೇ ನುಡಿಸುವ ಕ್ರಮವನ್ನು ತನ್ನ ಜಾಝ್‌ಗೂ ತಂದುಕೊಂಡಳು.

1968ರಲ್ಲಿ ಸಂಸಾರ ನ್ಯೂಯಾರ್ಕ್ ಬಿಟ್ಟು ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ಗೆ ಹೋಯಿತು. ಹೋದದ್ದು ಗಂಡನ ಕೆಲಸದ ಕಾರಣಕ್ಕೆ. ಮೋಸ್‌ರೈಟ್ ಎಂಬ ಗಿಟಾರ್ ಕಂಪನಿ ಅಲ್ಲಿತ್ತು. ತೈಲದ ಬಾವಿಗಳು, ಹತ್ತಿ ದ್ರಾಕ್ಷಿಯ ತೋಟಗಳ ಬಿಸಿಲೂರು. ಸಂಗೀತದಲ್ಲಿ ಆ ಊರಿಗೆ ಹೆಸರು ಇದ್ದದ್ದು ಬಕ್ ಓವನ್ಸ್, ಮರ್ಲ್ ಹ್ಯಾಗರ್ಡ್‌ರಂಥವರ ಹಳ್ಳಿಗಾಡಿನ ಹಾಡುಗಾರಿಕೆಗೆ. ಹನ್ನೆರಡನೆಯ ವಯಸ್ಸಿನಲ್ಲಿ ಯಾವ ಬಗೆಯ ಹಾಡು ಹಾಡಿಕೊಂಡಿದ್ದಳೋ ಅದರ ನೆಂಟರ ಊರಿಗೇ ಬಂದು ಸೇರಿದಂತಾಯಿತು. ಗಂಡ ಹೆಂಡತಿ ತಮ್ಮದೇ ಒಂದು ಕಾರ್ಖಾನೆ ತೆರೆದು ಗಿಟಾರು, ಆಂಪ್ಲಿಫೈಯರು ಮಾಡಿಸಿದರು. ಕಂಪನಿಗೆ ಇಟ್ಟ ಹೆಸರು ಆಸ್ಬೋರ್ನ್. ಗಂಡನ ಮನೆತನದ ಹೆಸರಲ್ಲ, ಹೆಂಡತಿಯ ತವರಿನ ಹೆಸರು. ಮೈನಾಟ್‌ನ ಕ್ಷೌರದಂಗಡಿಯಲ್ಲಿ ಪಿಟೀಲು ಮಾಡುತ್ತಿದ್ದ ಅಪ್ಪನ ಹೆಸರು ವಾದ್ಯಗಳ ಮೇಲೆ ಬಂತು!

ಇಲ್ಲಿಂದ ಆಕೆ ಮೇಷ್ಟ್ರು. ಊರಿನ ಮಕ್ಕಳಿಗೆ ಪಾಠ, ಅಲ್ಲಿನ ಸರ್ಕಾರಿ ಕಾಲೇಜಿನಲ್ಲಿ ಪಾಠ. ಜೊತೆಗೆ ಬೇಕರ್ಸ್‌ಫೀಲ್ಡ್‌ನಲ್ಲೂ ಲಾಸ್ ಏಂಜಲೀಸ್‌ನಲ್ಲೂ ಕಛೇರಿ. ಇಪ್ಪತ್ತನಾಲ್ಕು ವರ್ಷ ಹೀಗೆ ನಡೆಯಿತು. ಚರಿತ್ರೆಕಾರರು ಸಾಮಾನ್ಯವಾಗಿ ಈ ಭಾಗಕ್ಕೆ ಬಂದಾಗ ಒಂದೇ ವಾಕ್ಯದಲ್ಲಿ ಕೈ ತೊಳೆದುಕೊಳ್ಳುತ್ತಾರೆ. ವೇದಿಕೆ ಬಿಟ್ಟು ಪಾಠಕ್ಕೆ ಕೂತಳೆಂದರೆ ಇಳಿಗಾಲ ಎಂದು ಅವರ ಲೆಕ್ಕ. ನಾನಂತೂ ಈ ಲೆಕ್ಕ ಒಪ್ಪಲಾರೆ, ಹೊಟ್ಟೆಕಿಚ್ಚಿನ ಮಾತೆಂದು ಬೇಕಾದರೆ ತಿಳಿದುಕೊಳ್ಳಿ, ನಾನೂ ಮೇಷ್ಟರಮ್ಮನೇ ತಾನೇ. ಮೂರು ವಿದ್ಯೆಗಳು ಆ ಕೈಯಲ್ಲಿದ್ದವು. ಅಮ್ಮನಿಂದ ಬಂದ ಹಳ್ಳಿಯ ಗಿಟಾರು, ಕ್ರಿಶ್ಚಿಯನ್‌ನ ಪಕ್ಕ ಕುಳಿತು ಕಲಿತ ಜಾಝ್, ನಲವತ್ತು ದಾಟಿದ ಮೇಲೆ ಕಲಿತ ಶಾಸ್ತ್ರೀಯ. ಕ್ರಿಶ್ಚಿಯನ್ ಪಾಠ ಹೇಳುವ ವಯಸ್ಸಿಗೆ ಬರಲೇ ಇಲ್ಲ. ಬೇಕರ್ಸ್‌ಫೀಲ್ಡ್‌ನ ಒಬ್ಬ ಹುಡುಗ ಅಥವಾ ಹುಡುಗಿ ಬೆರಳು ಎಲ್ಲಿಡಬೇಕು ಎಂದು ಮೇರಿಯನ್ನು ಕೇಳಿದಾಗ, ಆ ಉತ್ತರದಲ್ಲಿ 1938ರ ಬಿಸ್ಮಾರ್ಕಿನ ರಾತ್ರಿಯೂ ಸ್ವಲ್ಪ ಇದ್ದೇ ಇತ್ತು. ಇದನ್ನು ತಟ್ಟೆಯ ಮೇಲೆ ಮುದ್ರಿಸಲಾಗುವುದಿಲ್ಲ. ತಟ್ಟೆಗಳನ್ನು ಎಣಿಸಿ ಬರೆಯುವ ಚರಿತ್ರೆಗೆ ಅದು ಸಿಗುವುದೂ ಇಲ್ಲ.

ಪ್ರಪಂಚ ಆಕೆಯನ್ನು ಪೂರ್ತಿ ಮರೆತಿರಲಿಲ್ಲ. 1977ರಲ್ಲಿ ಪಿಯಾನೋ ವಾದಕಿ ಮರಿಯನ್ ಮ್ಯಾಕ್‌ಪಾರ್ಟ್‌ಲ್ಯಾಂಡ್ ಐವರು ಹೆಂಗಸರ ತಂಡ ಕಟ್ಟಿ ರಾಚೆಸ್ಟರ್ ನಗರದಲ್ಲಿ ಕಛೇರಿ ಮಾಡಿದಳು, ಅದು ತಟ್ಟೆಯಾಗಿಯೂ ಬಂತು. ಗಿಟಾರು ಮೇರಿಯದು. ಆಗ ಆಕೆಗೆ 55 ವರ್ಷ, ಈಗಿನ ನನ್ನ ವಯಸ್ಸು. ಬದುಕಿನ ಕೊನೆಯ ವರ್ಷಗಳಲ್ಲಿ ನ್ಯೂಯಾರ್ಕ್‌ನ ಪ್ರಸಿದ್ಧ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲೂ ನುಡಿಸಿ ಬಂದಳು. ರಕ್ತದ ಕ್ಯಾನ್ಸರಿನಿಂದ 1992ರ ಮಾರ್ಚ್ 4ರಂದು ಬೇಕರ್ಸ್‌ಫೀಲ್ಡ್‌ನಲ್ಲಿ ತೀರಿಕೊಂಡಾಗ 70 ವರ್ಷ. ಕ್ರಿಶ್ಚಿಯನ್ ಹೋಗಿ ಸರಿಯಾಗಿ ಐವತ್ತು ವರ್ಷ, ಎರಡು ದಿನ ಆಗಿತ್ತು.

ನನಗೆ ಹೆಚ್ಚು ಹಿಡಿಸಿದ ತಟ್ಟೆ 1982ರದು. ‘ನೌ ಅಂಡ್ ದೆನ್’, ಅಂದರೆ ಆಗ ಮತ್ತು ಈಗ ಎಂದಿಟ್ಟುಕೊಳ್ಳಿ. ಒಂದು ಭಾಗದಲ್ಲಿ 1981ರಲ್ಲಿ ಹೊಸದಾಗಿ ನುಡಿಸಿದ್ದು, ಜೊತೆಗೆ ಬಾಸ್ ಮತ್ತು ಡ್ರಮ್ ಮಾತ್ರ. ಇನ್ನೊಂದು ಭಾಗದಲ್ಲಿ ಇಪ್ಪತ್ತು ವರ್ಷಕ್ಕೂ ಹಿಂದಿನ ಆ ‘ಹುಡುಗಿ’ಯ ಧ್ವನಿಮುದ್ರಣ. ನಡುವೆ ಮೂರು ಮಕ್ಕಳು ದೊಡ್ಡವರಾಗಿದ್ದಾರೆ, ಊರು ಬದಲಾಗಿದೆ, ಕಾರ್ಖಾನೆ ನಡೆಸಿದ್ದಾಗಿದೆ, ಎಷ್ಟೋ ಶಿಷ್ಯರಿಗೆ ಮೊದಲ ಪಾಠ ಹೇಳಿದ್ದಾಗಿದೆ. ನಾನು ಮೊದಲು ಹಳೆಯದನ್ನು ಕೇಳಿ, ಆಮೇಲೆ ಹೊಸದನ್ನು ಹಾಕಿಕೊಳ್ಳುತ್ತೇನೆ. ಹೊಸದರಲ್ಲಿ ಪಿಯಾನೋ ಇಲ್ಲವಾದ್ದರಿಂದ ಗಿಟಾರೇ ಆ ಜಾಗವನ್ನೂ ತುಂಬಬೇಕು. ತುಂಬುತ್ತದೆ, ಅಲ್ಲಲ್ಲಿ ಸುಮ್ಮನೆ ಬಿಡಲೂ ಬಿಡುತ್ತದೆ. ಆ ಬಿಟ್ಟ ಜಾಗದಲ್ಲಿ ಬಾಸಿನ ಒಂದೆರಡು ಸ್ವರ ಮಾತ್ರ ಕೇಳಿಸುತ್ತಿರುತ್ತದೆ, ಮತ್ತೆ ಗಿಟಾರು ಬರುತ್ತದೆ.